ಉಚ್ಚೈಃಶ್ರವಸ್ಸಿನ ಬಾಲ ಯಾವ ಬಣ್ಣ?

ಮಲ್ಲೇಶ್ವರದ ಕಲ್ಯಾಣಮಂಟಪವೊಂದರ ಮುಂದೆ ಮೆರವಣಿಗೆಯ ಕುದುರೆ ನಿಂತಿತ್ತು. ವರ ಒಳಗೆ ಇನ್ನೂ ಪೇಟ ಸುತ್ತಿಸಿಕೊಳ್ಳುತ್ತಿದ್ದ. ಕುದುರೆಯ ಮೈಯೆಲ್ಲ ಹಾಲುಬಿಳುಪು, ಬಾಲ ಮಾತ್ರ ಮಸಿಯಲ್ಲಿ ಅದ್ದಿ ತೆಗೆದ ಹಾಗೆ. ಬಣ್ಣ ಹಚ್ಚಿದ್ದೀರಾ ಅಂತ ಕೇಳಿದೆ. "ಇಲ್ಲ ಸಾರ್, ಮರಿಯಾಗಿದ್ದಾಗ ಪೂರಾ ಕರೀದೇ. ವರ್ಷಾ ವರ್ಷಾ ಬೆಳ್ಳಗಾಗ್ತಾ ಬಂತು. ಬಾಲಕ್ಕೆ ಇನ್ನೂ ವಯಸ್ಸಾಗಿಲ್ಲ" ಎಂದರು ಶಿವಾಜಿನಗರದಿಂದ ಅದನ್ನು ಕರೆತಂದಿದ್ದ ಸಾಬರು.

ತಕ್ಷಣ ಕದ್ರು, ವಿನತೆ ನೆನಪಾದರು. ಮಹಾಭಾರತದ ಆದಿಪರ್ವದಲ್ಲಿ ಈ ಅಕ್ಕತಂಗಿಯರು, ಸವತಿಯರೂ ಹೌದು, ಸಮುದ್ರಮಥನದಲ್ಲಿ ಹುಟ್ಟಿದ ಉಚ್ಚೈಃಶ್ರವಸ್ಸಿನ ಮೇಲೆ ಪಂತ ಕಟ್ಟುತ್ತಾರೆ. ಕುದುರೆ ಪೂರ್ತಿ ಬಿಳಿ ಎಂದು ವಿನತೆ, ಬಾಲ ಕಪ್ಪು ಎಂದು ಕದ್ರು. ಸೋತವಳು ಗೆದ್ದವಳಿಗೆ ದಾಸಿ. ಕದ್ರು ತನ್ನ ಹಾವುಮಕ್ಕಳಿಗೆ ಕರಿಕೂದಲಾಗಿ ಆ ಬಾಲಕ್ಕೆ ಜೋತುಬೀಳಲು ಹೇಳುತ್ತಾಳೆ, ಒಪ್ಪದವರಿಗೆ ಸರ್ಪಯಾಗದಲ್ಲಿ ಸುಟ್ಟುಹೋಗಿ ಎಂದು ಶಾಪ. ಮಾರನೆಯ ದಿನ ಹೋಗಿ ನೋಡಿದರೆ ಬಾಲ ಕಪ್ಪು. ವಿನತೆ ದಾಸಿಯಾದಳು, ಮಗ ಗರುಡ ಅಮೃತ ತರಬೇಕಾಯಿತು.

ನನ್ನ ಪ್ರಕಾರ ಕದ್ರು ಇಷ್ಟೆಲ್ಲ ಮೋಸ ಮಾಡಬೇಕಿರಲಿಲ್ಲ. ನಾಲ್ಕೈದು ವರ್ಷ ಮೊದಲೇ ಪಂತ ಕಟ್ಟಿದ್ದರೆ ಸಾಕಿತ್ತು.

ಏಕೆಂದರೆ ನಾವು ಬಿಳಿ ಕುದುರೆ ಎನ್ನುವವುಗಳಲ್ಲಿ ಬಹುಪಾಲು ನರೆತ ಕುದುರೆಗಳು. ಹುಟ್ಟುವಾಗ ಕಪ್ಪೋ ಕಂದೋ ಇರುತ್ತವೆ. ಎರಡು ಮೂರು ವರ್ಷಕ್ಕೆ ಬೂದು, ಆರರಿಂದ ಹತ್ತರೊಳಗೆ ಬಿಳಿ. ಮುಖ ಮೊದಲು ನರೆಯುತ್ತದೆ, ಅನೇಕ ಕುದುರೆಗಳಲ್ಲಿ ಬಾಲ ಮತ್ತು ಕಾಲು ಹಿಂದೆ ಬೀಳುತ್ತವೆ. ಕೂದಲಿನ ಕೆಳಗಿನ ಚರ್ಮ ಮಾತ್ರ ಕೊನೆಯವರೆಗೂ ಕಪ್ಪೇ. ರೇಸ್‌ಕೋರ್ಸಿನಲ್ಲಿ ಮಲ್ಲಿಗೆಯಂತೆ ಬೆಳ್ಳಗಿರುವ ಕುದುರೆ ಓಡಿದರೂ ಪುಸ್ತಕದಲ್ಲಿ ಅದರ ಬಣ್ಣ 'ಗ್ರೇ' ಎಂದಿರುವುದು ಇದಕ್ಕೇ.

ಇದರ ಗುಟ್ಟನ್ನು 2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಹಿಡಿದರು. ಎಸ್‌ಟಿಎಕ್ಸ್17 ಎಂಬ ಜೀನಿನೊಳಗೆ ಸುಮಾರು 4,600 ಅಕ್ಷರಗಳ ಡಿಎನ್‌ಎ ತುಂಡೊಂದು ಪಕ್ಕಪಕ್ಕದಲ್ಲೇ ಮತ್ತೆ ಅಚ್ಚಾಗಿದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಮರಿ ನರೆಯುತ್ತದೆ. ಆ ತುಂಡು ಎರಡು ಸಲ ಇದ್ದರೆ ನರೆಯುವುದು ನಿಧಾನ, ಮೂರು ಸಲ ಇದ್ದರೆ ಬೇಗ ಎಂಬುದು ಖಚಿತವಾದದ್ದು 2024ರಲ್ಲಿ. ಕೂದಲ ಬುಡದಲ್ಲಿ ಬಣ್ಣ ತುಂಬುವ ಜೀವಕೋಶಗಳ ದಾಸ್ತಾನು ಅವಧಿಗೆ ಮುಂಚೆಯೇ ಖಾಲಿಯಾಗುತ್ತದೆ. ನಮ್ಮ ತಲೆ ನರೆಯುವುದೂ ಹೆಚ್ಚುಕಡಿಮೆ ಹೀಗೇ, ಕುದುರೆಗೆ ಮಾತ್ರ ಹರೆಯದಲ್ಲೇ.

ಹುಟ್ಟಾ ಬಿಳಿ ಕುದುರೆಯ ಜಾತಕ ಬೇರೆ. ಅದರ ಚರ್ಮ ಗುಲಾಬಿ, ಕುದುರೆಯವರ ಮಾತಿನಲ್ಲಿ 'ನುಕ್ರಾ'. ಗರ್ಭದಲ್ಲಿ ಬಣ್ಣದ ಕೋಶಗಳು ಬೆನ್ನುಹುರಿಯ ಪಕ್ಕದಿಂದ ಹೊರಟು ಮೈಯೆಲ್ಲ ಹರಡಬೇಕು. ಕಿಟ್ ಎಂಬ ಜೀನು ಕೆಟ್ಟರೆ ದಾರಿ ಮಧ್ಯೆಯೇ ನಿಂತುಬಿಡುತ್ತವೆ, ಅವು ತಲುಪದ ಜಾಗ ಬಿಳಿ. ಪಾದ, ಹೊಟ್ಟೆ, ಮೂತಿ ದೂರದ ಊರುಗಳು. ನೆತ್ತಿ, ಕಿವಿ ಹತ್ತಿರ. ಹಾಗಾಗಿ ಮೈಯೆಲ್ಲ ಬಿಳಿಯಾಗಿ ಕಿವಿ ಮಾತ್ರ ಕಪ್ಪಾಗಿ ಉಳಿದ ಕುದುರೆಗಳು ಇಂದಿಗೂ ಅಪರೂಪಕ್ಕೆ ಹುಟ್ಟುತ್ತವೆ.

ಅಂದರೆ ಶ್ಯಾಮಕರ್ಣ ಕವಿಗಳ ಕಲ್ಪನೆಯಷ್ಟೇ ಅಲ್ಲ. ಉದ್ಯೋಗಪರ್ವದಲ್ಲಿ ವಿಶ್ವಾಮಿತ್ರ ಶಿಷ್ಯ ಗಾಲವನನ್ನು ಗುರುದಕ್ಷಿಣೆಯಾಗಿ ಕೇಳುವುದು ಒಂದು ಕಿವಿ ಮಾತ್ರ ಕಪ್ಪಗಿರುವ 800 ಬಿಳಿ ಕುದುರೆಗಳನ್ನು. ಪಾಪದ ಹುಡುಗ. ಕೋಶಗಳು ಎಲ್ಲಿಯವರೆಗೆ ನಡೆದಾವು ಎಂಬುದರಲ್ಲಿ ಗರ್ಭದ ಆಕಸ್ಮಿಕವೂ ಸೇರಿಕೊಳ್ಳುತ್ತದೆ. ಶ್ಯಾಮಕರ್ಣದ ಗಂಡು ಹೆಣ್ಣು ಕೂಡಿಸಿದರೂ ಮರಿಯ ಅದೇ ಕಿವಿ ಕಪ್ಪಾಗುತ್ತದೆಂದು ಯಾರೂ ಬರೆದುಕೊಡಲಾರರು. ವ್ಯಾಸರಿಗೆ ಈ ಕಷ್ಟ ಗೊತ್ತಿತ್ತೇನೋ, ಮೂರು ರಾಜರ ಲಾಯ ಸುತ್ತಿದರೂ ಗಾಲವನಿಗೆ ಸಿಗುವುದು 600 ಮಾತ್ರ. ಲೋಕದಲ್ಲಿ ಇದ್ದದ್ದೇ ಅಷ್ಟು.

ಮತ್ತೆ ಬಾಲಕ್ಕೆ ಬರೋಣ. ನರೆಯ ಜೀನು ಕೂದಲಲ್ಲಿ ಬಣ್ಣದ ಕೋಶಗಳನ್ನು ಬರಿದು ಮಾಡಿದರೂ ಚರ್ಮದಲ್ಲಿ ಅವನ್ನು ಅತಿಯಾಗಿ ಬೆಳೆಸುತ್ತದೆ. ಹದಿನೈದು ದಾಟಿದ ಗ್ರೇ ಕುದುರೆಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಮೆಲನೋಮ ಎಂಬ ಕಪ್ಪು ಗಂಟುಗಳು ಬರುತ್ತವೆ. ಹಲವು ವರ್ಷ ಸುಮ್ಮನಿರುತ್ತವೆ, ಕೆಲವು ಮಾತ್ರ ಒಳಗೆ ಹಬ್ಬಿ ಕೊಲ್ಲುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಾಲದ ಅಡಿಯಲ್ಲಿ. ಬಿಳಿ ಕುದುರೆಯ ಬಾಲಕ್ಕೆ ಅಂಟಿಕೊಂಡ ಕಪ್ಪು ವಿಷ! ಕಥೆ ಕಟ್ಟಿದವನು ಲಾಯದಲ್ಲಿ ಇದನ್ನು ನೋಡಿದ್ದನೇ? ಇದಕ್ಕೆ ಪುರಾವೆ ಏನೂ ಇಲ್ಲ, ನನ್ನ ಚಪಲ ಅಷ್ಟೆ.

ಅಷ್ಟರಲ್ಲಿ ವಾಲಗ ಶುರುವಾಯಿತು, ವರ ಹೊರಗೆ ಬಂದ. ನನ್ನ ಪ್ರಶ್ನೆಗಳು ಮುಗಿಯದ್ದು ನೋಡಿ ಸಾಬರು ಬಾಲವನ್ನೇ ಪಕ್ಕಕ್ಕೆ ಸರಿಸಿ ತೋರಿಸಿದರು. ಅವರೆಕಾಳು ಗಾತ್ರದ ಎರಡು ಗಂಟು, ಕರ್ರಗೆ ಹೊಳೆಯುತ್ತಿದ್ದವು.

"ಮುಟ್ಟಿ ನೋಡಿ ಸಾರ್, ಏನೂ ಮಾಡಲ್ಲ."