ಮ್ಯಾಪ್‌ನಲ್ಲಿ ಶಿಕಾಗೊ ಕೆಂಪಗಿದೆ, ಲೇಕ್ ಮಾತ್ರ ಇನ್ನೂ ಚಳಿಗಾಲದಲ್ಲೇ ಇದೆ

ಫೆಬ್ರವರಿ ಕೊನೆಗೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಥರ ಇರುತ್ತವೆ. “ಈ ಸಲ ಸ್ಪ್ರಿಂಗ್ ಬೇಗ ಬರುತ್ತಂತೆ ಸರ್, ಮ್ಯಾಪ್‌ನಲ್ಲಿ ಶಿಕಾಗೊ ಕೆಂಪಗಿದೆ. ಮೇ ಮೊದಲ ಶನಿವಾರ ಮಗನ ಬರ್ತ್‌ಡೇ ಪಾರ್ಕ್‌ನಲ್ಲೇ ಇಟ್ಟುಕೊಳ್ಳಬಹುದಾ?” ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: “ಯಾವ ಪಾರ್ಕ್?”

ಲೇಕ್ (ಶಿಕಾಗೊ ಅಂಚಿನ ಮಿಷಿಗನ್ ಸರೋವರ) ಪಕ್ಕದ ಪಾರ್ಕ್ ಆದರೆ ಬರುವವರಿಗೆ ಸ್ವೆಟರ್ ತರಲು ಹೇಳಿ. ನೇಪರ್‌ವಿಲ್ ಕಡೆಯದಾದರೆ ಐಸ್‌ಕ್ರೀಮ್ ತರಿಸಿ. ತಮಾಷೆಗೆ ಹೇಳುತ್ತಿಲ್ಲ. ನೇಪರ್‌ವಿಲ್ ಇರುವುದು ನಗರದ ನಡುವಿನಿಂದ ಸುಮಾರು 45 ಕಿಲೋಮೀಟರ್ ಪಶ್ಚಿಮಕ್ಕೆ. ಮೇ ತಿಂಗಳ ಒಂದೇ ಮಧ್ಯಾಹ್ನ ಅಲ್ಲಿ 26 ಡಿಗ್ರಿ, ಲೇಕ್ ದಂಡೆಯಲ್ಲಿ 12 ಡಿಗ್ರಿ ಇರುವುದು ಅಪರೂಪವೇನಲ್ಲ. (ಸೆಲ್ಸಿಯಸ್‌ನಲ್ಲೇ ಬರೆಯುತ್ತೇನೆ. ಊರಿನಲ್ಲಿ ಓದುವವರಿಗೆ ಫ್ಯಾರನ್‌ಹೀಟ್ ಲೆಕ್ಕದ ಗೋಳು ಯಾಕೆ?)

ಮೊದಲು ಆ ಕೆಂಪು ಬಣ್ಣದ ವಿಷಯ ಮುಗಿಸೋಣ. ಅಮೆರಿಕ ಸರ್ಕಾರದ ಕ್ಲೈಮೇಟ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೇ ಗುರುವಾರ ಮುಂದಿನ ಮೂರು ತಿಂಗಳ ಮುನ್ನೋಟದ ಮ್ಯಾಪ್ ಕೊಡುತ್ತದೆ. ಕೆಂಪು ಎಂದರೆ ಮಾಮೂಲಿಗಿಂತ ಬೆಚ್ಚಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ನಮ್ಮ ಭಾಗಕ್ಕೆ ‘ಮಾಮೂಲಿಗಿಂತ ಬೆಚ್ಚಗೆ, 40%’ ಎಂದಿದ್ದರೆ ಸೆಕೆ 40% ಜಾಸ್ತಿ ಎಂದು ಅರ್ಥವಲ್ಲ. 1991ರಿಂದ 2020ರವರೆಗಿನ 30 ವರ್ಷಗಳ ವಸಂತಗಳನ್ನು ಬೆಚ್ಚಗಿನ 10, ನಡುವಿನ 10, ತಣ್ಣಗಿನ 10 ಎಂದು ಮೂರು ಗುಂಪು ಮಾಡಿಕೊಳ್ಳಿ. ಏನೂ ಗೊತ್ತಿಲ್ಲದೆ ಕಣ್ಣು ಮುಚ್ಚಿ ಹೇಳಿದರೂ ಪ್ರತಿ ಗುಂಪಿಗೂ 33% ಸಾಧ್ಯತೆ ಇದ್ದೇ ಇರುತ್ತದೆ. ಅದು 40 ಆಯಿತೆಂದರೆ ಚೌಕಾಬಾರದ ಒಂದು ಕವಡೆ ಸ್ವಲ್ಪ ಸವೆದಿದೆ, ಆ ಮಗ್ಗುಲಿಗೆ ಬೀಳುವುದು ಒಂಚೂರು ಹೆಚ್ಚು, ಅಷ್ಟೇ. ಆಟ ಯಾರೂ ಗೆದ್ದಿಲ್ಲ.

ಅದೂ ಮೂರು ತಿಂಗಳ ಸರಾಸರಿಯ ಮಾತು. ಮಾರ್ಚ್‌ನಲ್ಲಿ ಹಲ್ಲು ಕಡಿಯುವ ಚಳಿ, ಮೇನಲ್ಲಿ ಬೆವರು, ಎರಡನ್ನೂ ಕೂಡಿಸಿ ಭಾಗಿಸಿದರೆ ‘ಮಾಮೂಲಿ ವಸಂತ’. ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬೆಚ್ಚಗಾಗುವ ಎಲ್ ನಿನೊ, ತಣ್ಣಗಾಗುವ ಲಾ ನಿನಾ ಇಲ್ಲಿನ ಚಳಿಗಾಲದ ಬಗ್ಗೆ ಒಂದಿಷ್ಟು ಸುಳಿವು ಕೊಡುತ್ತವೆ. ವಸಂತದ ಹೊತ್ತಿಗೆ ಅವುಗಳ ಹಿಡಿತ ಸಾಮಾನ್ಯವಾಗಿ ಸಡಿಲವಾಗಿರುತ್ತದೆ. ಹಾಗಾಗಿ ನಾನು ಮ್ಯಾಪ್ ನೋಡಿ ಪಕ್ಕಕ್ಕಿಟ್ಟು ಇನ್ನೊಂದು ಅಂಕಿ ಹುಡುಕುತ್ತೇನೆ: ಲೇಕ್ ನೀರು ಈಗ ಎಷ್ಟು ಡಿಗ್ರಿ ಇದೆ?

‘ಲೇಕ್’ ಎಂದಾಗ ನಮ್ಮ ಊರ ಕೆರೆ ನೆನೆಸಿಕೊಳ್ಳಬೇಡಿ. ಮಿಷಿಗನ್ ಸರೋವರ ಉದ್ದಕ್ಕೆ ಹತ್ತಿರ ಹತ್ತಿರ 500 ಕಿಲೋಮೀಟರ್, ಅತಿ ಆಳದ ಕಡೆ 281 ಮೀಟರ್. ಇದೂ ಸೇರಿದಂತೆ ಇಲ್ಲಿನ ಐದೂ ಮಹಾ ಸರೋವರಗಳನ್ನು (ಗ್ರೇಟ್ ಲೇಕ್ಸ್) ಕೂಡಿಸಿದರೆ ಇಡೀ ಕರ್ನಾಟಕ ಮುಳುಗಿ ಇನ್ನೂ ಜಾಗ ಉಳಿಯುತ್ತದೆ. ಇಷ್ಟು ನೀರು ಬಿಸಿಯಾಗಬೇಕೆಂದರೆ ಸುಮ್ನೆ ಆಗುತ್ತದಾ?

ಅದರಲ್ಲೂ ಒಂದು ವಿಚಿತ್ರವಿದೆ. ಬಚ್ಚಲ ಹಂಡೆಯಲ್ಲಿ ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ. ಆದರೆ ಸಿಹಿನೀರು ಅತಿ ಭಾರವಾಗಿರುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಿರುವ ನೀರನ್ನು ಏಪ್ರಿಲ್ ಬಿಸಿಲು ಸ್ವಲ್ಪ ಕಾಯಿಸಿದರೆ ಅದು ಇನ್ನಷ್ಟು ಭಾರವಾಗಿ ಕೆಳಗೆ ಇಳಿಯುತ್ತದೆ. ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಬಿಸಿಲು ಮತ್ತೆ ಅದನ್ನು ಕಾಯಿಸಬೇಕು. ಮೇಲಿಂದ ತಳದವರೆಗೆ ಎಲ್ಲ ನೀರೂ 4 ಡಿಗ್ರಿಗೆ ಬರುವ ತನಕ ಮೇಲ್ಮೈ ಬಿಸಿಯೇರುವ ಹಾಗಿಲ್ಲ. ದಂಡೆಯ ಕಡೆ ಆಳ ಕಡಿಮೆ, ಅಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ. ನಡು ಸರೋವರದಲ್ಲಿ ವಸಂತವೆಲ್ಲ ಇದರಲ್ಲೇ ಕಳೆಯುತ್ತದೆ. ಆಮೇಲೆ ಜೂನ್‌ನಲ್ಲಿ ನೋಡನೋಡುತ್ತಲೇ ನೀರು ಬೆಚ್ಚಗಾಗುತ್ತದೆ.

ಚಳಿಗಾಲದಲ್ಲಿ ಐಸ್ ಹೆಚ್ಚು ಕಟ್ಟಿದ್ದರೆ ಕಾಯುವುದು ಇನ್ನೂ ಜಾಸ್ತಿ. 2014ರಲ್ಲಿ ಮಹಾ ಸರೋವರಗಳ 92% ಹೆಪ್ಪುಗಟ್ಟಿತ್ತು. ಉತ್ತರದ ಸುಪೀರಿಯರ್ ಸರೋವರದಲ್ಲಿ ಜೂನ್ ಮೊದಲ ವಾರಕ್ಕೂ ಐಸ್ ಗಡ್ಡೆಗಳು ತೇಲುತ್ತಿದ್ದವು.

ಇನ್ನು ಗಾಳಿ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೆಲ ಕಾದು ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಗಾಳಿ ನುಗ್ಗುತ್ತದೆ. ಆದರೆ ಏಪ್ರಿಲ್‌ನಲ್ಲಿ ಅಲ್ಲಿನ ಕಡಲು 30 ಡಿಗ್ರಿ ಆಸುಪಾಸು. ಇಲ್ಲಿನ ನೀರು ಐದಾರು ಡಿಗ್ರಿ. ಅಲ್ಲಿ ಬೀಸಣಿಗೆ, ಇಲ್ಲಿ ಬಾಗಿಲು ತೆರೆದಿಟ್ಟ ಫ್ರಿಜ್. ಕೆಲವು ದಿನ ಈ ತಣ್ಣನೆ ಗಾಳಿ ಒಂದೇ ಏಟಿಗೆ ಬಂದು ಅರ್ಧ ಗಂಟೆಯಲ್ಲಿ ಹತ್ತು ಡಿಗ್ರಿ ಇಳಿಸಿಬಿಡುತ್ತದೆ. ಇಲ್ಲಿನವರು ಅದಕ್ಕೆ ‘ನ್ಯುಮೋನಿಯಾ ಫ್ರಂಟ್’ ಎಂದು ಹೆಸರಿಟ್ಟಿದ್ದಾರೆ. ಟಿವಿಯಲ್ಲಿ ದಿನಾ ಕೇಳುವ ‘ಕೂಲರ್ ಬೈ ದ ಲೇಕ್’ ಎಂಬ ಮಾತಿನ ಹಿಂದಿರುವುದು ಇಷ್ಟೇ. ಗಾಳಿ ನೈಋತ್ಯದಿಂದ ಜೋರಾಗಿದ್ದರೆ ಲೇಕ್ ಗಾಳಿ ಒಳಗೆ ಬರಲಾರದು, ದಂಡೆಯಲ್ಲೂ ಸೆಕೆ. ಗಾಳಿ ಮೆತ್ತಗಿದ್ದರೆ ಬರುತ್ತದೆ. ಒಂದೊಂದು ದಿನ ನಾಲ್ಕು ಕಿಲೋಮೀಟರ್‌ಗೆ ನಿಲ್ಲುತ್ತದೆ, ಒಂದೊಂದು ದಿನ ಮೂವತ್ತು. ಆ ಗೆರೆ ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದರಲ್ಲಿ ನಾನು ಇಷ್ಟು ವರ್ಷವಾದರೂ ಎಡವುತ್ತೇನೆ. ಒಂದು ಸಲ ಮದುವೆ ಮನೆಯವರಿಗೆ “ಟೆಂಟ್‌ಗೆ ಹೀಟರ್ ಬೇಡ” ಎಂದಿದ್ದೆ. ಗೆರೆ ಟೆಂಟ್ ದಾಟಿ ಎರಡು ರಸ್ತೆ ಆಚೆ ಹೋಗಿ ನಿಂತಿತು. ಊಟಕ್ಕೆ ಕೂತವರೆಲ್ಲ ಕೋಟ್ ಹಾಕಿಕೊಂಡೇ ಹೋಳಿಗೆ ತಿಂದರು.

ಈ ತಣ್ಣನೆ ನೀರನ್ನು ಬೈಯುವವರು ಆಚೆ ದಂಡೆಗೆ ಹೋಗಿ ನೋಡಬೇಕು. ಮಿಷಿಗನ್ ರಾಜ್ಯದ ಪಶ್ಚಿಮ ಅಂಚಿನುದ್ದಕ್ಕೂ ಸೇಬು, ಚೆರ್ರಿ ತೋಟಗಳಿವೆ. ಅವು ಅಲ್ಲಿ ಇರುವುದೇ ಲೇಕ್ ದಯೆಯಿಂದ. ಪಶ್ಚಿಮದ ಗಾಳಿ ನೀರಿನ ತಂಪನ್ನು ತೋಟಕ್ಕೆ ಹೊತ್ತು ತಂದು ಮೊಗ್ಗುಗಳನ್ನು ತಡೆದು ಹಿಡಿಯುತ್ತದೆ. ಹೂ ತಡವಾಗಿ ಬಿಟ್ಟರೆ ಏಪ್ರಿಲ್‌ನ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳಿಂದ ಬಚಾವ್.

2012ರಲ್ಲಿ ಈ ಲೆಕ್ಕ ತಪ್ಪಿತು. ಆ ಚಳಿಗಾಲ ಸರೋವರಗಳ ಮೇಲೆ ಐಸ್ ಅತಿ ಹೆಚ್ಚೆಂದರೆ 13% ಇತ್ತು. ಮಾರ್ಚ್ ಮಧ್ಯದಲ್ಲಿ ಶಿಕಾಗೊದ ಮಧ್ಯಾಹ್ನ ಸಾಮಾನ್ಯವಾಗಿ 8-9 ಡಿಗ್ರಿ. ಆ ಸಲ ಒಂಬತ್ತು ದಿನಗಳಲ್ಲಿ ಎಂಟು ದಿನ ಸುಮಾರು 27 ಡಿಗ್ರಿ ಮುಟ್ಟಿತು, ದಾಟಿತು. ಯುಗಾದಿ ಮಾರ್ಚ್ 23ಕ್ಕೆ. ಅದರ ಹಿಂದಿನ ವಾರ ಜನ ಚಡ್ಡಿ, ಬನಿಯನ್‌ನಲ್ಲಿ ಓಡಾಡಿದರು. ಎಲ್ಲರಿಗೂ ಖುಷಿ, ತೋಟದವರನ್ನು ಬಿಟ್ಟು. ಸೇಬಿನ ಮರಗಳು ವಾರಗಟ್ಟಲೆ ಮೊದಲೇ ಚಿಗುರಿದವು. ಏಪ್ರಿಲ್‌ನಲ್ಲಿ ಒಂದರ ಹಿಂದೆ ಒಂದು ಕೊರೆಯುವ ರಾತ್ರಿಗಳು ಬಂದು ಹೂ ಕರಕಲಾಯಿತು. ಮಿಷಿಗನ್‌ನ ಸೇಬಿನ ಬೆಳೆಯಲ್ಲಿ ಹತ್ತಿರ ಹತ್ತಿರ 90% ಹೋಯಿತು. ನಮ್ಮಲ್ಲಿ ಮಾವಿನ ಹೂವಿಗೆ ಆಲಿಕಲ್ಲು ಬಿದ್ದ ಹಾಗೆ, ಆದರೆ ಇಡೀ ರಾಜ್ಯಕ್ಕೆ. ಅಂದಿನಿಂದ ‘ಬೇಗ ಬರುವ ವಸಂತ’ ಎಂದು ಯಾರಾದರೂ ಸಂಭ್ರಮದಿಂದ ಹೇಳಿದರೆ ನನಗೆ ಕಸಿವಿಸಿ.

ಇನ್ನೆರಡು ವಿಷಯ, ಇವು ಜೀವಕ್ಕೆ ಸಂಬಂಧಿಸಿದವು. ಲೇಕ್ ಇರುವುದರಿಂದ ನಗರಕ್ಕೆ ಸುಂಟರಗಾಳಿ ಬರುವುದಿಲ್ಲ ಎಂದು ನಂಬಿದವರು ನಮ್ಮಲ್ಲೂ ಇದ್ದಾರೆ. ತಣ್ಣನೆ ಗಾಳಿ ಸಣ್ಣಪುಟ್ಟ ಗುಡುಗು ಮಳೆಯನ್ನು ಅಡಗಿಸುವುದು ನಿಜ. ಆದರೆ 1967ರ ಏಪ್ರಿಲ್ 21ರಂದು ಶಿಕಾಗೊ ಪಕ್ಕದ ಓಕ್ ಲಾನ್ ಊರು ಹೊಕ್ಕ ಸುಂಟರಗಾಳಿ 33 ಜನರನ್ನು ಕೊಂದು, ನಗರದ ದಕ್ಷಿಣ ಭಾಗ ದಾಟಿ, ಲೇಕ್ ಮೇಲೇ ಹೊರಟುಹೋಯಿತು. ಸೈರನ್ ಕೂಗಿದರೆ ಬೇಸ್‌ಮೆಂಟ್‌ಗೆ ಇಳಿಯಿರಿ, ವಿಡಿಯೋ ಆಮೇಲೆ.

ಎರಡನೆಯದು ಮೇ ತಿಂಗಳ ಬೀಚ್. ಮೈಮೇಲೆ 27 ಡಿಗ್ರಿ ಬಿಸಿಲು, ಕಾಲಡಿ ಹತ್ತರ ಆಸುಪಾಸಿನ ನೀರು. ದೋಣಿಯಿಂದ ಜಾರಿ ಬಿದ್ದರೆ ಮೊದಲ ನಿಮಿಷ ಉಸಿರೇ ಹತೋಟಿಗೆ ಸಿಗುವುದಿಲ್ಲ. ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳುವುದು ನಿಲ್ಲಿಸುತ್ತವೆ. ಒಳ್ಳೆ ಈಜುಗಾರರೂ ಇಲ್ಲಿ ಹೀಗೇ ಮುಳುಗುವುದು. ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು.

ಕೊನೆಗೆ ಎಲ್ಲರೂ ಕೇಳುವುದು ಸಸಿಗಳ ವಿಷಯ. ಬದನೆ, ಹೀರೆ, ಮೆಣಸಿನಕಾಯಿ ಯಾವಾಗ ಹೊರಗೆ ನೆಡಬೇಕು? ದಂಡೆ ಪಕ್ಕದ ಮನೆಯವರಿಗೆ ಹಗಲು ತಣ್ಣಗಿದ್ದರೂ ರಾತ್ರಿ ಲೇಕ್ ಕಾಪಾಡುತ್ತದೆ, ಅವರಿಗೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿಗಳು ಬೇಗ ಮುಗಿಯುತ್ತವೆ. ಹಗಲು ಸೆಕೆ ಅನುಭವಿಸುವ ನೇಪರ್‌ವಿಲ್‌ನವರಿಗೇ ಮೇ ತಿಂಗಳ ರಾತ್ರಿಯಲ್ಲಿ ಏಟು ಬೀಳುವ ಭಯ ಹೆಚ್ಚು. ಇಲ್ಲಿನ ಹಳಬರು ಮದರ್ಸ್ ಡೇ, ಅಂದರೆ ಮೇ ಎರಡನೇ ಭಾನುವಾರ, ಕಳೆಯಲಿ ಎನ್ನುತ್ತಾರೆ. ಭರಣಿ ಮಳೆ ನೋಡಿ ಬಿತ್ತುತ್ತಿದ್ದ ನಮ್ಮ ಅಜ್ಜನ ಲೆಕ್ಕದ ಥರವೇ ಇದೂ. ನಾನು ಅದಕ್ಕೂ ಒಂದು ವಾರ ಸೇರಿಸುತ್ತೇನೆ. ನಮ್ಮ ಮನೆಯ ಬದನೆ ಸಸಿಗಳು ಅಡುಗೆಮನೆ ಕಿಟಕಿಯಲ್ಲಿ ಗಾಜಿಗೆ ತಲೆ ತಾಗಿಸಿಕೊಂಡು ನಿಂತಿವೆ. ಹೆಂಡತಿ ದಿನಾ ಬೆಳಿಗ್ಗೆ ನನ್ನ ಮುಖ ನೋಡುತ್ತಾಳೆ. “ಇನ್ನೂ ಇಲ್ಲ,” ಎನ್ನುತ್ತೇನೆ.