ಪಿಸಿಐ ಕಾನ್ಫಿಗರೇಶನ್ ಸ್ಪೇಸ್: ಕೇಳುವುದು ಒಂದೇ, ದಾರಿ ಬೇರೆ ಬೇರೆ

ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಎಂದು ಟೈಪ್ ಮಾಡಿದರೆ ನೆಟ್‌ವರ್ಕ್ ಕಾರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಸಾಲಾಗಿ ಬರುತ್ತವೆ. ಕಂಪ್ಯೂಟರ್‌ಗೆ ಇದು ಹೇಗೆ ಗೊತ್ತಾಯಿತು? ಇಂಥ ಕಾರ್ಡ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ವ್ಯವಸ್ಥೆಯೇ ಪಿಸಿಐ. ಪ್ರತಿ ಪಿಸಿಐ ಡಿವೈಸ್ ಒಳಗೂ ತನ್ನ ಪರಿಚಯ ಹೇಳುವ ರಿಜಿಸ್ಟರ್‌ಗಳು, ಅಂದರೆ ಪುಟ್ಟ ಮಾಹಿತಿ ಕೋಶಗಳು ಇವೆ. ಅವುಗಳ ಜಾಗವೇ ಕಾನ್ಫಿಗರೇಶನ್ ಸ್ಪೇಸ್. ಹಳೆಯ ಪಿಸಿಐನಲ್ಲಿ ಅದು 256 ಬೈಟ್, ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ 4096 ಬೈಟ್. ಮೊದಲ ಎರಡು ಬೈಟ್‌ಗಳಲ್ಲಿ ತಯಾರಕರ ನಂಬರ್ ಇರುತ್ತದೆ. ಇಂಟೆಲ್‌ದು ಹೆಕ್ಸ್ (16ರ ಆಧಾರದ ಸಂಖ್ಯಾಪದ್ಧತಿ) 8086. ಅದರ ಹಳೆಯ ಚಿಪ್‌ನ ಹೆಸರೇ, ಅಲ್ವಾ! ಅಲ್ಲಿ ಎಲ್ಲ ಬಿಟ್‌ಗಳೂ 1 ಎಂದು ಬಂದರೆ ಆ ಜಾಗ ಖಾಲಿ ಎಂದರ್ಥ.

ವಿಳಾಸಕ್ಕೆ ನಾಲ್ಕು ಭಾಗ: ಬಸ್ (8 ಬಿಟ್), ಡಿವೈಸ್ (5), ಫಂಕ್ಷನ್ (3), ಆಮೇಲೆ ಎಷ್ಟನೇ ಬೈಟ್ ಎಂಬುದು. ಪ್ರೊಸೆಸರ್ ಯಾವುದೇ ಇರಲಿ, ಇದು ಬದಲಾಗುವುದಿಲ್ಲ. ಈ ವಿಳಾಸವನ್ನು ಹಾರ್ಡ್‌ವೇರ್‌ಗೆ ತಲುಪಿಸುವ ರೀತಿ ಮಾತ್ರ ಬದಲಾಗುತ್ತದೆ.

ಎಕ್ಸ್86ರಲ್ಲಿ (ಇಂಟೆಲ್, ಎಎಂಡಿ ಪಿಸಿಗಳ ಪ್ರೊಸೆಸರ್ ಬಗೆ) ಮೆಮೊರಿಯ ಜೊತೆಗೆ ಐ/ಓ ಪೋರ್ಟ್‌ಗಳೂ ಇವೆ. ಪೋರ್ಟ್ ಸಿಎಫ್8ಗೆ ವಿಳಾಸ ಬರೆಯಬೇಕು, ಆಮೇಲೆ ಸಿಎಫ್‌ಸಿಯಿಂದ ಉತ್ತರ ಓದಬೇಕು. ಬಸ್ 0, ಡಿವೈಸ್ 3, ಫಂಕ್ಷನ್ 0 ಬೇಕಿದ್ದರೆ ಬರೆಯುವ ಸಂಖ್ಯೆ ಹೆಕ್ಸ್ 80001800. ಮೊದಲ 8 ಎಂದರೆ ಎಲ್ಲಕ್ಕಿಂತ ಮೇಲಿನ ಬಿಟ್ ಆನ್. ಡಿವೈಸ್ ನಂಬರ್ 11ನೇ ಬಿಟ್‌ನಿಂದ ಶುರುವಾಗುತ್ತದೆ, ಅದಕ್ಕೇ 1800.

ಲೈಬ್ರರಿಯಲ್ಲಿ ಚೀಟಿ ಬರೆದುಕೊಟ್ಟು ಪುಸ್ತಕ ಪಡೆದ ಹಾಗೆ ಇದು. ಆದರೆ ಕೌಂಟರ್ ಒಂದೇ. ನೀವು ಚೀಟಿ ಇಟ್ಟು ಪುಸ್ತಕ ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬರು ತಮ್ಮ ಚೀಟಿ ಇಟ್ಟರೆ? ಅವರ ಪುಸ್ತಕ ನಿಮ್ಮ ಕೈಗೆ ಬರುತ್ತದೆ. ಎರಡು ಕೋರ್‌ಗಳ ನಡುವೆ ಹೀಗಾಗಬಾರದೆಂದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಇಲ್ಲಿ ಲಾಕ್ ಹಾಕುತ್ತದೆ.

ಇಕ್ಯಾಮ್ ಎಂಬ ಇನ್ನೊಂದು ವಿಧಾನದಲ್ಲಿ ಚೀಟಿಯೇ ಬೇಡ. ಎಲ್ಲ ಡಿವೈಸ್‌ಗಳ ಕಾನ್ಫಿಗರೇಶನ್ ಸ್ಪೇಸ್ ನೇರವಾಗಿ ಮೆಮೊರಿ ವಿಳಾಸಗಳಲ್ಲೇ ಕಾಣುತ್ತದೆ. ಬಸ್ ನಂಬರನ್ನು 20 ಬಿಟ್, ಡಿವೈಸನ್ನು 15, ಫಂಕ್ಷನನ್ನು 12 ಬಿಟ್ ಎಡಕ್ಕೆ ಸರಿಸಿ ಮೂಲ ವಿಳಾಸಕ್ಕೆ ಸೇರಿಸಿದರೆ ಆಯಿತು. 256 ಬಸ್‌ಗೆ 256 ಎಂಬಿ ವಿಳಾಸ ಬೇಕು. ಕ್ಯೂಎಮು ಎಮ್ಯುಲೇಟರ್‌ನ (ಯಂತ್ರವನ್ನು ಅನುಕರಿಸುವ ಸಾಫ್ಟ್‌ವೇರ್) ರಿಸ್ಕ್-ವಿ ಪ್ರೊಸೆಸರ್‌ನ 'ವರ್ಟ್' ಯಂತ್ರದಲ್ಲಿ ಮೂಲ ವಿಳಾಸ ಹೆಕ್ಸ್ 30000000. ಅಲ್ಲಿ ಡಿವೈಸ್ 3 ಸಿಗುವುದು 30018000ರಲ್ಲಿ. ಈ ಮೂಲ ವಿಳಾಸವನ್ನು ಕರ್ನಲ್ ಊಹಿಸುವುದಿಲ್ಲ. ಪಿಸಿಗಳಲ್ಲಿ ಫರ್ಮ್‌ವೇರ್ ಕೊಡುವ ಎಸಿಪಿಐ ಮಾಹಿತಿಯ ಎಂಸಿಎಫ್‌ಜಿ ಟೇಬಲ್ ಹೇಳುತ್ತದೆ, ಆರ್ಮ್ ಮತ್ತು ರಿಸ್ಕ್-ವಿ ಪ್ರೊಸೆಸರ್‌ಗಳ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಡಿವೈಸ್ ಟ್ರೀ ಎಂಬ ಹಾರ್ಡ್‌ವೇರ್ ವಿವರಪಟ್ಟಿ.

ಹಾಗಂತ ಆರ್ಮ್ ಎಂದರೆ ಇಕ್ಯಾಮ್ ಎಂದು ಬರೆದುಕೊಳ್ಳಬೇಡಿ. ರಾಸ್ಪ್‌ಬೆರಿ ಪೈ 4ರ ಚಿಪ್‌ನಲ್ಲಿ ಆಚೆಯ ಡಿವೈಸನ್ನು ಮೊದಲು ಇಂಡೆಕ್ಸ್ ರಿಜಿಸ್ಟರ್‌ನಲ್ಲಿ ಆರಿಸಿ, ಆಮೇಲೆ 4 ಕೆಬಿ ಕಿಟಕಿಯಲ್ಲಿ ಓದಬೇಕು. ಅಂದರೆ ಮತ್ತೆ ಚೀಟಿ ಪದ್ಧತಿ! ಐಬಿಎಂನ ಎಸ್390 ಮೇನ್‌ಫ್ರೇಮ್‌ನಲ್ಲಂತೂ ಇದಕ್ಕೆಂದೇ ಬೇರೆ ಇನ್‌ಸ್ಟ್ರಕ್ಷನ್‌ಗಳಿವೆ.

ಒಂದು ಕಡೆ ಮಾತ್ರ ಜಾಸ್ತಿ ಎಚ್ಚರ ಬೇಕು. ಕೆಲವು ಪಿಸಿಐ ಕಂಟ್ರೋಲರ್‌ಗಳು (ಪ್ರೊಸೆಸರ್ ಮತ್ತು ಡಿವೈಸ್‌ಗಳ ನಡುವಿನ ಹಾರ್ಡ್‌ವೇರ್) 32 ಬಿಟ್ ಒಟ್ಟಿಗೆ ಮಾತ್ರ ಬರೆಯಬಲ್ಲವು. ಕಮಾಂಡ್ ರಿಜಿಸ್ಟರ್ 16 ಬಿಟ್, ಅದರ ಪಕ್ಕದ 16 ಬಿಟ್ ಸ್ಟೇಟಸ್. ಕಮಾಂಡ್ ಬದಲಿಸಲು ಕರ್ನಲ್ 32 ಬಿಟ್ ಓದಿ, ಅರ್ಧ ತಿದ್ದಿ, ಪೂರ್ತಿ ವಾಪಸ್ ಬರೆಯುತ್ತದೆ. ಆದರೆ ಸ್ಟೇಟಸ್‌ನ ತಪ್ಪು ತೋರಿಸುವ ಬಿಟ್‌ಗಳು 1 ಬರೆದರೆ ಅಳಿಸಿಹೋಗುತ್ತವೆ. ಓದಿದ್ದನ್ನೇ ಸುಮ್ನೆ ವಾಪಸ್ ಬರೆದರೂ ದಾಖಲಾದ ತಪ್ಪು ಮಾಯ. ಇಂಥ ಕಡೆ ಲಿನಕ್ಸ್ ಲಾಗ್‌ನಲ್ಲಿ ಎಚ್ಚರಿಕೆ ಹಾಕುತ್ತದೆ.

ಡ್ರೈವರ್ ಬರೆಯುವವರಿಗೆ ಈ ದಾರಿಗಳು ಕಾಣುವುದಿಲ್ಲ. ಅವರು ಕರೆಯುವ ಫಂಕ್ಷನ್ ಎಲ್ಲೆಡೆ ಒಂದೇ. ಕೆಳಗೆ ಪಿಸಿಐ ಆಪ್ಸ್ ಎಂಬ ಸ್ಟ್ರಕ್ಟ್‌ನಲ್ಲಿ ಆಯಾ ಕಂಟ್ರೋಲರ್‌ನ ಓದುವ, ಬರೆಯುವ ಫಂಕ್ಷನ್‌ಗಳು ಕೂತಿರುತ್ತವೆ.

ಈಗ ಬಸ್ 1, ಡಿವೈಸ್ 0, ಫಂಕ್ಷನ್ 0ಕ್ಕೆ ಎರಡೂ ವಿಳಾಸ ನೀವೇ ಲೆಕ್ಕ ಹಾಕಿ. ಸಿಎಫ್8ಗೆ 80010000, ಮೇಲಿನ ರಿಸ್ಕ್-ವಿ ಯಂತ್ರದಲ್ಲಿ 30100000 ಬರಬೇಕು.