ಎಂ.ಡಿ. ಪಗಾರದ ‘ಇಷ್ಟು ಪಟ್ಟು’: ಆ ಲೆಕ್ಕದಲ್ಲಿ ಗುತ್ತಿಗೆಯವರು ಇದ್ದಾರೆಯೇ?

ಪ್ರಶ್ನೆ: ಕಲಬುರಗಿಯಿಂದ ಬಂದು ಪುಣೆಯ ಚಾಕಣದ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುತ್ತಿದ್ದೇನೆ. ಎಂ.ಡಿ. (ವ್ಯವಸ್ಥಾಪಕ ನಿರ್ದೇಶಕರ) ಪಗಾರ ನೌಕರರ ಪಗಾರದ ಎಷ್ಟು ಪಟ್ಟು ಎಂದು ಕಂಪನಿಯ ವಾರ್ಷಿಕ ವರದಿಯಲ್ಲಿ ಹಾಕಿದ್ದಾರೆ. ಆ ಲೆಕ್ಕದಲ್ಲಿ ನಾನೂ ಸೇರಿದ್ದೇನೆಯೇ?

ಉತ್ತರ: ಇಲ್ಲ. ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ಒಬ್ಬೊಬ್ಬ ನಿರ್ದೇಶಕರ ಸಂಬಳ ನೌಕರರ ‘ಮೀಡಿಯನ್’ ಸಂಬಳದ ಎಷ್ಟು ಪಟ್ಟು ಎಂದು ತಿಳಿಸಬೇಕು. 2013ರ ಕಂಪನಿ ಕಾಯ್ದೆಯ 197(12)ನೇ ಕಲಮು ಹಾಗೆ ಹೇಳುತ್ತದೆ. ನೌಕರರನ್ನೆಲ್ಲ ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಪಗಾರವೇ ಮೀಡಿಯನ್. ನಿಮ್ಮ ಹೆಸರಿರುವುದು ಗುತ್ತಿಗೆದಾರನ ಮಸ್ಟರಿನಲ್ಲಿ, ಅಂದರೆ ಅವನ ಹಾಜರಿ ಪುಸ್ತಕದಲ್ಲಿ. ಹಾಗಾಗಿ ಆ ಸಾಲಿನಲ್ಲಿ ನಿಮಗೆ ಜಾಗವಿಲ್ಲ.

ಉದಾಹರಣೆಗೆ, ಎಂ.ಡಿ.ಗೆ ವರ್ಷಕ್ಕೆ 3 ಕೋಟಿ, ಮೀಡಿಯನ್ 8 ಲಕ್ಷ ಎಂದಿಟ್ಟುಕೊಳ್ಳಿ. ವರದಿಯಲ್ಲಿ 37.5 ಪಟ್ಟು ಎಂದು ಬರುತ್ತದೆ. ಅದೇ ಲೈನಿನಲ್ಲಿ ತಿಂಗಳಿಗೆ 16,000 ರೂಪಾಯಿಗೆ ದುಡಿಯುವ ಗುತ್ತಿಗೆಯವರಿಗೆ ವರ್ಷಕ್ಕೆ ಸಿಗುವುದು 1.92 ಲಕ್ಷ. ಅವರ ಲೆಕ್ಕ ಹಿಡಿದರೆ ಅಂತರ 156 ಪಟ್ಟು! ಕ್ಯಾಂಟೀನು, ಸೆಕ್ಯುರಿಟಿ, ಲೋಡಿಂಗ್ ಕೆಲಸಗಳನ್ನು ಗುತ್ತಿಗೆಗೆ ಕೊಟ್ಟ ವರ್ಷ ಕಡಿಮೆ ಪಗಾರದವರು ಸಾಲಿನಿಂದ ಹೊರಬೀಳುತ್ತಾರೆ, ಮೀಡಿಯನ್ ಮೇಲೇರುತ್ತದೆ, ಅಂತರ ತಗ್ಗಿದಂತೆ ಕಾಣುತ್ತದೆ. ಯಾರ ಕೈಗೂ ಒಂದು ರೂಪಾಯಿ ಹೆಚ್ಚು ಬಂದಿರುವುದಿಲ್ಲ. ಕಾಯ್ದೆ ಇದಕ್ಕೆ ಅಡ್ಡಿ ಮಾಡುವುದಿಲ್ಲ, ಆದರೆ ಒಂದೇ ಗೇಟಿನೊಳಗೆ ಬೆವರು ಸುರಿಸುವವರನ್ನು ಎಣಿಸದೇ ಬಿಡುವುದು ಅನ್ಯಾಯವೇ. ಎಂ.ಡಿ. ಸ್ವತಃ ಪ್ರವರ್ತಕರಾಗಿದ್ದರೆ (ಕಂಪನಿ ಕಟ್ಟಿ ಅದರ ಷೇರು ಹೊಂದಿರುವವರು) ಅವರಿಗೆ ಷೇರಿನ ಮೇಲೆ ಲಾಭಾಂಶವಾಗಿ ಬರುವ ಡಿವಿಡೆಂಡೂ ಈ ಲೆಕ್ಕಕ್ಕೆ ಸೇರುವುದಿಲ್ಲ.

ನಿಮ್ಮಂಥವರ ಸುಳಿವು ಸಿಗುವುದು ಬಿಆರ್‌ಎಸ್‌ಆರ್ (ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ) ಎಂಬ ಇನ್ನೊಂದು ವರದಿಯಲ್ಲಿ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಇದನ್ನು 2022–23ರಿಂದ ಕಡ್ಡಾಯ ಮಾಡಿದೆ. ಮಾನವ ಹಕ್ಕುಗಳ ಕುರಿತ ಐದನೇ ತತ್ವದ ಕೆಳಗೆ ಕನಿಷ್ಠ ವೇತನದ ಕೋಷ್ಟಕವಿರುತ್ತದೆ. ಕಾಯಂ ಅಲ್ಲದ ಕಾರ್ಮಿಕರ ಸಾಲು ಹುಡುಕಿ, ಎಷ್ಟು ಜನ ‘ಕನಿಷ್ಠ ವೇತನಕ್ಕೆ ಸಮ’, ಎಷ್ಟು ಜನ ‘ಅದಕ್ಕಿಂತ ಹೆಚ್ಚು’ ಎಂದು ನೋಡಿ. ಬಹುತೇಕರು ಮೊದಲ ಕಾಲಮಿನಲ್ಲೇ ಇದ್ದರೆ, ಕಾಯ್ದೆ ಬಿಟ್ಟಷ್ಟೂ ಕೆಳಗಿನ ದರದಲ್ಲಿ ಕಂಪನಿ ದುಡಿಸಿಕೊಳ್ಳುತ್ತಿದೆ ಎಂದೇ ಅರ್ಥ. ಲಾಭ ಏರಿದ ವರ್ಷವೂ ಹಾಗೇ ಇದ್ದರೆ ಅದಕ್ಕೆ ಸಮರ್ಥನೆಯೇ ಇಲ್ಲ.

ನಿಮ್ಮ ಪಗಾರ ಚೀಟಿಯನ್ನೂ ಪರೀಕ್ಷಿಸಿ. ಪಿಎಫ್‌ಗೆ ನಿಮ್ಮಿಂದ ಹಿಡಿಯಬೇಕಾದ್ದು ಶೇ. 12 ಮಾತ್ರ. ಮಾಲೀಕರ ಪಾಲಿನ ಶೇ. 12ನ್ನೂ ನಿಮ್ಮ ಪಗಾರದಿಂದಲೇ ಮುರಿದುಕೊಳ್ಳುವಂತಿಲ್ಲ; ಗುತ್ತಿಗೆಯಲ್ಲಿ ಇದು ಆಗಾಗ ನಡೆಯುವ ಮೋಸ. ಯುಎಎನ್ (ನಿಮ್ಮ ಪಿಎಫ್ ಖಾತೆ ಸಂಖ್ಯೆ) ಪಾಸ್‌ಬುಕ್ಕಿನೊಂದಿಗೆ ಚೀಟಿಯನ್ನು ತಾಳೆ ನೋಡಿ. ಗುತ್ತಿಗೆದಾರ ಪಗಾರ ಕೊಡದೆ ಸತಾಯಿಸಿದರೆ ಅದನ್ನು ತುಂಬಿಕೊಡುವ ಹೊಣೆ ಮೂಲ ಕಂಪನಿಯದು, ಅಂದರೆ ನೀವು ದುಡಿಯುವ ಕಾರ್ಖಾನೆಯ ಕಂಪನಿಯದು. ಕಾರ್ಮಿಕ ಆಯುಕ್ತರ ಕಚೇರಿಗೆ ದೂರು ಬರೆಯುವಾಗ ಗುತ್ತಿಗೆದಾರನ ಜೊತೆಗೆ ಕಂಪನಿಯ ಹೆಸರನ್ನೂ ಸೇರಿಸಿ, ಗೇಟ್‌ಪಾಸಿನ ಪ್ರತಿ ಲಗತ್ತಿಸಿ.